ಬೈತಲೆ ಯಾವ ಕಡೆ ಎಂದು ಕೇಳುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಮನೆಗೂ ಆಕ್ಸಿಜನ್ ಸಿಲಿಂಡರುಗಳ ಶೆಡ್ಡಿಗೂ ನಡುವೆ, ತಗ್ಗು ಸೂರಿನ ಒಂದು ಕಟ್ಟಡವಿದೆ. ಒಳಗೆ ಕಲ್ಲಿನ ಕಟ್ಟೆಯ ಪಕ್ಕದಲ್ಲಿ ಅಕ್ಕ ಬಕೆಟ್ಟಿನ ನೀರಿಗೆ ಮೊಣಕೈ ಅದ್ದಿ ನೋಡುತ್ತಾರೆ. ಕೂಸಿಗೆ ಸ್ನಾನ ಮಾಡಿಸುವ ಮುಂಚೆ ತಾಯಂದಿರು ನೋಡುವುದು ಹೀಗೆಯೇ. ಬಿಸಿ ಹೆಚ್ಚಾಯಿತೆನ್ನಿಸಿ ಇನ್ನೊಂದು ಮಗ್ ತಣ್ಣೀರು ಬೆರೆಸುತ್ತಾರೆ. ಕಟ್ಟೆಯ ಮೇಲೆ ಮಲಗಿರುವ ಮುದುಕರಿಗೆ ನೀರು ಸುಟ್ಟರೂ ಅಷ್ಟೆ, ಕೊರೆದರೂ ಅಷ್ಟೆ. ಅವರು ನಿನ್ನೆ ಸಂಜೆಯೇ ತೀರಿಕೊಂಡಿದ್ದಾರೆ.

"ನನ್ನ ಕೈಗೆ ಹಿತವಾಗಿರಬೇಕಲ್ಲ," ಎಂದು ಅಕ್ಕ ಕಾರಣ ಕೊಡುತ್ತಾರೆ. ನಿಜವಾದ ಕಾರಣ ಅದಲ್ಲ ಎಂದು ನೋಡುವವರಿಗೆ ತಿಳಿಯುತ್ತದೆ.

ಮೈ ತೊಳೆದು, ಒರೆಸಿ, ಉಗುರು ಕತ್ತರಿಸಿ, ಗಡ್ಡ ಹೆರೆದು, ಮನೆಯವರು ತಂದುಕೊಟ್ಟ ಅಂಗಿ ತೊಡಿಸುವುದು ಅಕ್ಕನ ಕೆಲಸ. ಬಿಗಿದುಕೊಂಡ ತೋಳುಗಳಿಗೆ ಅಂಗಿ ಹಾಕುವುದು ಸುಲಭವಲ್ಲ. ಬೇರೆ ಕಡೆಯಲ್ಲಿ ಅಂಗಿಯ ಬೆನ್ನಿಗೆ ಕತ್ತರಿ ಆಡಿಸಿ, ಎರಡು ಹೋಳು ಮಾಡಿ, ಮೈಮೇಲೆ ಹೊದಿಸಿಬಿಡುತ್ತಾರಂತೆ. ಅಕ್ಕನ ಗಂಡ ಟೈಲರ್. ಬೆನ್ನಿನ ಹೊಲಿಗೆಯನ್ನು ಮಾತ್ರ ಬಿಚ್ಚಿ, ತೊಡಿಸಿದ ಮೇಲೆ ಕೈಹೊಲಿಗೆ ಹಾಕುವುದನ್ನು ಅವರೇ ಕಲಿಸಿಕೊಟ್ಟರು. "ಕೊನೇ ಸಲ ಹಾಕೋ ಅಂಗಿ. ಹರಿದಿದ್ದನ್ನ ಹಾಕಿ ಕಳಿಸೋದಾ?" ಎನ್ನುತ್ತಾರೆ ಅಕ್ಕ.

ಎಲ್ಲ ಮುಗಿದ ಮೇಲೆ ಬಾಚಣಿಗೆ ಕೈಗೆ ಬರುತ್ತದೆ. ಆದರೆ ತಲೆಗೆ ಬಾಚಣಿಗೆ ಮುಟ್ಟಿಸುವ ಮೊದಲು ಅಕ್ಕ ಕೈ ಒರೆಸಿಕೊಂಡು ಹೊರಗೆ ಬರುತ್ತಾರೆ. ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಮುದುಕರ ಹೆಂಡತಿ, ಇಬ್ಬರು ಗಂಡುಮಕ್ಕಳು ಕೂತಿದ್ದಾರೆ. ಅಕ್ಕ ಅವರ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೇಳುತ್ತಾರೆ.

"ಬೈತಲೆ ಯಾವ ಕಡೆ ತೆಗೀತಿದ್ರು?"

ಹಿಂದಿನ ದಿನದಿಂದ ಆ ಮೂವರನ್ನು ಎಷ್ಟೋ ಜನ ಏನೇನೋ ಕೇಳಿದ್ದಾರೆ. ಇಂಥ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ದೊಡ್ಡವನು ಎಡಕ್ಕೆ ಎನ್ನುತ್ತಾನೆ. ಚಿಕ್ಕವನು ಬಲಕ್ಕೆ ಎನ್ನುತ್ತಾನೆ. ಇಬ್ಬರ ದನಿಯೂ ಏರುತ್ತದೆ. ಅಷ್ಟರಲ್ಲಿ ತಾಯಿ, "ಸುಮ್ನಿರ್ರೋ. ಬೈತಲೆ ತೆಗೆಯೋಕೆ ನಿಮ್ಮಪ್ಪನ ತಲೇಲಿ ಕೂದಲೆಲ್ಲಿತ್ತು? ಇದ್ದ ನಾಲ್ಕನ್ನ ಹಿಂದಕ್ಕೆ ನೀವ್ಕೋತಿದ್ರು," ಎನ್ನುತ್ತಾರೆ. ಒಂದು ಕ್ಷಣ ಮೂವರೂ ನಗುತ್ತಾರೆ. ನಗು ಅಲ್ಲಿಯೇ ಅಳುವಾಗುತ್ತದೆ. ಅಕ್ಕ ಎದ್ದು ಒಳಗೆ ಹೋಗಿ ಆ ನಾಲ್ಕನ್ನು ಹಿಂದಕ್ಕೆ ನೀವುತ್ತಾರೆ.

ಇದಕ್ಕೇ ಆಸ್ಪತ್ರೆಯಲ್ಲಿ ಅವರಿಗೆ ಬಾಚಣಿಗೆ ಅಕ್ಕ ಎಂಬ ಹೆಸರು ಬಿದ್ದಿದೆ. ಹೆಸರಿಟ್ಟವರು ಹೆಣಗಳನ್ನು ಟ್ರಾಲಿಯಲ್ಲಿ ತಳ್ಳಿಕೊಂಡು ಬರುವ ಗಾಲಿ ಅಣ್ಣ. "ನಾನು ಸತ್ತಾಗ ಕೇಳೋಕೆ ಹೋಗ್ಬೇಡಕ್ಕ, ನನ್ನ ಹೆಂಡ್ತಿ ಸುಳ್ಳು ಹೇಳ್ತಾಳೆ. ಮದುವೆ ಆದಾಗಿಂದ ನನ್ನ ತಲೆ ಚೆನ್ನಾಗಿಲ್ಲ ಅಂತ ಅವಳ ದೂರು," ಎಂದು ಆತ ಸಿಕ್ಕವರೆದುರೆಲ್ಲ ಹೇಳುತ್ತಾರೆ.

ಅಕ್ಕ ಈ ಪ್ರಶ್ನೆ ಕೇಳುವುದಕ್ಕೆ ಹಳೆಯ ಕಾರಣವೊಂದಿದೆ. ಅವರು ಹುಡುಗಿಯಾಗಿದ್ದಾಗ ತಾಯಿ ಬೇರೊಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಹೊರಗೆ ತಂದು ಮಲಗಿಸಿದಾಗ ಹುಡುಗಿ ಹಿಂದೆ ಸರಿದು, "ಇದು ನಮ್ಮಮ್ಮ ಅಲ್ಲ," ಎಂದಳಂತೆ. ಯಾರೋ ಅವಸರದಲ್ಲಿ ಕೂದಲನ್ನು ಹಣೆಯ ಮೇಲಿಂದ ಎಳೆದು ಬೇರೆ ರೀತಿ ಬಾಚಿದ್ದರು. ಅಷ್ಟಕ್ಕೇ ಅಮ್ಮ ಅಮ್ಮನಂತೆ ಕಾಣಲಿಲ್ಲ. "ಕೊನೇ ಸಲ ನೋಡಿದಾಗ ನಾನು ಅಮ್ಮನ್ನ ಅಮ್ಮ ಅಲ್ಲ ಅಂದೆ. ಆ ಮಾತು ಇವತ್ತಿಗೂ ಇಲ್ಲೇ ಇದೆ," ಎಂದು ಅಕ್ಕ ಗಂಟಲು ಮುಟ್ಟಿಕೊಳ್ಳುತ್ತಾರೆ.

ಅಕ್ಕನಿಗೆ ಇನ್ನೊಂದು ರೂಢಿಯೂ ಇತ್ತು. ಇತ್ತು ಎಂದೇ ಹೇಳಬೇಕು.

ಕೆಲವು ದೇಹಗಳು ವಾರ್ಡಿನಿಂದ ಬರುವುದಿಲ್ಲ, ಆಪರೇಷನ್ ಥಿಯೇಟರಿನಿಂದ ಬರುತ್ತವೆ. ಎದೆಯಿಂದ ಹೊಟ್ಟೆಯ ತನಕ ಒಂದೇ ಗೆರೆಯ ಹೊಲಿಗೆ ಇರುತ್ತದೆ. ಪೆಟ್ಟು ಬಿದ್ದು ಮೆದುಳು ಸತ್ತವರು ಅವರು. ಯಂತ್ರದಿಂದ ಉಸಿರಾಡುತ್ತಿದ್ದಾಗಲೇ ಅವರ ಕಿಡ್ನಿ, ಲಿವರ್, ಹೃದಯಗಳನ್ನು ತೆಗೆದು ಇನ್ಯಾರಿಗೋ ಜೋಡಿಸಿರುತ್ತಾರೆ. ಮೊದಲೆಲ್ಲ ಇದು ಮನೆಯವರು ಒಪ್ಪಿದರೆ ಮಾತ್ರ ಆಗುತ್ತಿತ್ತು. ಹಾಗಾಗಿ ಇಂಥ ದೇಹವನ್ನು ಒಪ್ಪಿಸುವಾಗ ಅಕ್ಕ ಮನೆಯವರ ಎರಡೂ ಕೈ ಹಿಡಿದು, "ದೊಡ್ಡ ಮನಸ್ಸು ಮಾಡಿದ್ರಿ. ನಿಮ್ಮಿಂದ ಯಾರದೋ ಮನೆ ಉಳೀತು," ಎನ್ನುತ್ತಿದ್ದರು. ಡಾಕ್ಟರು, ನರ್ಸುಗಳು ಅಷ್ಟರೊಳಗೆ ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ಥ್ಯಾಂಕ್ಸ್ ಹೇಳಲು ಅಲ್ಲಿ ಉಳಿದಿರುತ್ತಿದ್ದವರು ಅಕ್ಕ ಒಬ್ಬರೇ.

ಆ ಮಾತನ್ನು ಅವರು ಬಾಯುಪಚಾರಕ್ಕೆ ಆಡುತ್ತಿರಲಿಲ್ಲ. ಅವರ ಗಂಡನ ಎರಡೂ ಕಿಡ್ನಿ ಕೆಟ್ಟಿವೆ. ವಾರಕ್ಕೆ ಮೂರು ಸಲ ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಡಯಾಲಿಸಿಸ್ ಯಂತ್ರಕ್ಕೆ ರಕ್ತ ಕೊಟ್ಟು ತೊಳೆಸಿಕೊಂಡು ಬರುತ್ತಾರೆ. ಅಕ್ಕನ ಕಿಡ್ನಿ ಅವರಿಗೆ ಹೊಂದಲಿಲ್ಲ. ಮಗಳ ರಕ್ತದ ಗುಂಪು ಹೊಂದುತ್ತದೆ. ಆದರೆ ಟೈಲರ್ ಮಗಳ ಮಾತೆತ್ತಲು ಬಿಡುವುದಿಲ್ಲ. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಕಾಯುತ್ತಿದ್ದಾರೆ. ಯಾರಿಗಾಗಿ ಕಾಯುತ್ತಿದ್ದಾರೆ ಎನ್ನುವುದನ್ನು ಜೋರಾಗಿ ಹೇಳಿಕೊಳ್ಳುವುದಿಲ್ಲ. ಕಾಯುತ್ತಿರುವುದು ಒಬ್ಬರ ಸಾವಿಗಾಗಿ ಎಂದು ಅಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹೀಗಿರುವಾಗ ಕಾನೂನು ಬದಲಾಯಿತು. ಬೇಡ ಎಂದು ಬದುಕಿರುವಾಗಲೇ ಬರೆಸಿಡದವರೆಲ್ಲ ಕೊಡಲು ಒಪ್ಪಿದಂತೆಯೇ ಲೆಕ್ಕ. ಮನೆಯವರನ್ನು ಕೇಳಬೇಕಾಗಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಬೋರ್ಡು ಹಾಕಿದರು, ರೇಡಿಯೋದಲ್ಲಿ ಹೇಳಿದರು, ಬಸ್ಸುಗಳ ಬೆನ್ನಿಗೆ ಅಂಟಿಸಿದರು. ಸುದ್ದಿ ಡಯಾಲಿಸಿಸ್ ಕೋಣೆಗೆ ಬಂದಾಗ ಮಲಗಿದ್ದವರೆಲ್ಲ ಸೂಜಿ ಚುಚ್ಚಿರದ ಕೈಯಿಂದ ಮಂಚ ತಟ್ಟಿದರಂತೆ. ಕೆಲವೇ ತಿಂಗಳಲ್ಲಿ ಟೈಲರ್ ಪಕ್ಕದ ಮಂಚದ ಬಸ್ ಡ್ರೈವರಿಗೆ ಕಿಡ್ನಿ ಸಿಕ್ಕಿತು. ಆತ ವಾಪಸ್ ಬಂದು, ಎಲ್ಲರೆದುರು ಆಸ್ಪತ್ರೆಯ ಬಚ್ಚಲಿಗೆ ಹೋಗಿ, ಬಹುಮಾನ ಗೆದ್ದವರಂತೆ ಎದೆಯುಬ್ಬಿಸಿ ಹೊರಬಂದರು. ವರ್ಷಗಳಿಂದ ಸರಿಯಾಗಿ ಮೂತ್ರ ಹೋಗದಿದ್ದ ಮನುಷ್ಯ. ಟೈಲರ್ ಮನೆಗೆ ಬಂದು ಅದನ್ನು ಹೇಳಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಕಾನೂನು ಬದಲಾದದ್ದು ಅಕ್ಕನಿಗೂ ಗೊತ್ತಿತ್ತು. ಆದರೂ ಮನೆಯವರಿಗೆ ಯಾರೋ ಹೇಳಿಯೇ ಇರುತ್ತಾರೆ ಎಂದುಕೊಂಡರು. ಹೇಳದೆ ಯಾರಾದರೂ ಇಂಥದನ್ನು ಮಾಡುತ್ತಾರೆಯೇ? ಅಕ್ಕ ತಪ್ಪಿದ್ದು ಇಲ್ಲೇ.

ಆ ಬೆಳಿಗ್ಗೆ ಥಿಯೇಟರಿನಿಂದ ಬಂದದ್ದು ಗೋಡೆಗೆ ಬಣ್ಣ ಹೊಡೆಯುವ ಒಬ್ಬ ಪೇಂಟರ್. ಗೋಡೆಗೆ ಕಟ್ಟಿದ ಸಾರುವೆಯ ಮೇಲಿಂದ ಬಿದ್ದಿದ್ದ. ವಯಸ್ಸು ಹೆಚ್ಚೇನಿಲ್ಲ. ಉಗುರಿನ ಸಂದಿಯಲ್ಲಿ ತಿಳಿಹಸಿರು ಬಣ್ಣ ಉಳಿದಿತ್ತು. ಅಕ್ಕ ಎಣ್ಣೆ ಹಚ್ಚಿ ಅದನ್ನು ತೆಗೆದರು. ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿ ಅಂಗಿ ತೊಡಿಸಿದರು. ಆಮೇಲೆ ಹೊರಗೆ ಬಂದು ಅವನ ಹೆಂಡತಿಯ ಮುಂದೆ ಕೂತರು.

"ಬೈತಲೆ ಯಾವ ಕಡೆ ತಂಗಿ?"

"ಎಡಕ್ಕೆ," ಎಂದಳು ಆಕೆ. "ಸುಳಿ ಇದೆ, ಕೂದಲು ನಿಲ್ಲಲ್ಲ. ನೀರು ಹಚ್ಚಿ ಅಕ್ಕಾ."

ಅಕ್ಕ ನೀರು ಹಚ್ಚಿ ಎಡಕ್ಕೆ ಬಾಚಿದರು. ಸುಳಿ ಕೂತಿತು. ಆಕೆಯನ್ನು ಒಳಗೆ ಕರೆದರು. ಆಕೆ ನೋಡಿದಳು, ಸುಳಿಯ ಮೇಲೆ ಕೈಯಿಟ್ಟಳು, ತಲೆಯಾಡಿಸಿದಳು. ಆಗ ಅಕ್ಕ ರೂಢಿಯಂತೆ ಅವಳ ಎರಡೂ ಕೈ ಹಿಡಿದುಕೊಂಡರು.

"ದೊಡ್ಡ ಮನಸ್ಸು ಮಾಡಿದೆ ತಾಯಿ. ನಿನ್ನಿಂದ ಯಾರದೋ ಮನೆ ಉಳೀತು."

"ನಾನೇನು ಮಾಡಿದೆ?" ಎಂದಳು ಆಕೆ.

ಅಕ್ಕನಿಗೆ ತಕ್ಷಣ ಅರ್ಥವಾಗಲಿಲ್ಲ. "ಕೊಟ್ಟೆಯಲ್ಲ," ಎಂದುಬಿಟ್ಟರು.

"ಏನು ಕೊಟ್ಟೆ?"

ಅಕ್ಕ ಅವಳ ಕೈ ಬಿಟ್ಟರು. ಆಡಿದ ಮಾತನ್ನು ನುಂಗುವ ಹಾಗಿಲ್ಲ, ಮುಗಿಸುವ ಹಾಗಿಲ್ಲ. ಆಕೆ ಅಕ್ಕನ ಮುಖ ನೋಡಿದಳು. ಆಮೇಲೆ ಗಂಡನ ಅಂಗಿಯ ಗುಂಡಿಗಳನ್ನು ನೋಡಿದಳು. ಮೇಲಿನ ಎರಡು ಗುಂಡಿ ಬಿಚ್ಚಿದಳು. ಪಟ್ಟಿಯೂ ಅದರ ಅಂಚಿನಲ್ಲಿ ಹೊಲಿಗೆಯ ತುದಿಯೂ ಕಾಣಿಸಿದವು. ಗುಂಡಿಗಳನ್ನು ಒಂದೊಂದಾಗಿ ವಾಪಸ್ ಹಾಕಿದಳು.

"ಬಿದ್ದಿದ್ದು ತಲೆಗಲ್ವಾ ಅಕ್ಕಾ? ಎದೆಗೆ ಯಾಕೆ ಹೊಲಿಗೆ?"

ಗಾಲಿ ಅಣ್ಣ ಬಾಗಿಲಲ್ಲೇ ನಿಂತಿದ್ದರು. ಯಾವಾಗಲೂ ಒಂದಲ್ಲ ಒಂದು ಹೇಳುವ ಮನುಷ್ಯ, ಅವತ್ತು ಟ್ರಾಲಿಯ ಚಕ್ರ ನೋಡುತ್ತ ನಿಂತುಬಿಟ್ಟರು. ಅಕ್ಕ ಹೇಗೋ ಬಾಯಿ ಬಿಟ್ಟು ಇದ್ದದ್ದನ್ನು ಹೇಳಿದರು. ಕಾನೂನು ಹೀಗೆ ಬಂದಿದೆ, ಬೇಡ ಅಂತ ಬರೆಸದಿದ್ರೆ ತಗೋತಾರೆ, ನಿನಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡಳು. ಹಿಂದಿನ ಸಂಜೆ ತನ್ನನ್ನು ಹೊರಗೆ ಕೂರಿಸಿ, ಇನ್ನು ಸ್ವಲ್ಪ ಹೊತ್ತು ಎಂದು ಮತ್ತೆ ಮತ್ತೆ ಹೇಳಿದ್ದು ಏಕೆಂದು ಅವಳಿಗೆ ಆಗ ಹೊಳೆಯಿತು. ಆಮೇಲೆ ಅವಳಾಡಿದ ಮಾತನ್ನು ಅಕ್ಕ ಇವತ್ತಿಗೂ ಅವಳದೇ ದನಿಯಲ್ಲಿ ಹೇಳುತ್ತಾರೆ.

"ಬೈತಲೆ ಯಾವ ಕಡೆ ಅಂತ ನೀವು ಎದ್ದು ಬಂದು ಕೇಳಿದ್ರಿ. ಇದನ್ನ ಕೇಳೋಕೆ ಒಬ್ರಿಗೂ ಆಗ್ಲಿಲ್ವಾ?"

ಮಧ್ಯಾಹ್ನದೊಳಗೆ ಮಾತು ಮೇಲಿನವರ ಕಿವಿಗೆ ಬಿತ್ತು. ಶವಾಗಾರದ ಉಸ್ತುವಾರಿಯವರು ಅಕ್ಕನನ್ನು ಕರೆಸಿ, ಇನ್ನು ಮುಂದೆ ಮನೆಯವರ ಜೊತೆ ಮಾತು ಬೇಡ ಎಂದರು. ತೊಳೆಯಿರಿ, ತೊಡಿಸಿ, ಒಪ್ಪಿಸಿ. ಬೈತಲೆ ವಿಷಯವೂ ಬೇಡ, ತಲೆ ಹೇಗೋ ಬಾಚಿ ಕೊಟ್ಟರಾಯಿತು. ಅವರೇನೂ ಗದರಲಿಲ್ಲ, ಕುರ್ಚಿ ಕೊಟ್ಟು ಕೂರಿಸಿಯೇ ಹೇಳಿದರು. "ಗದರಿದ್ರೆ ವಾಸಿ ಇತ್ತು," ಎನ್ನುತ್ತಾರೆ ಅಕ್ಕ.

ಅವತ್ತು ಸಂಜೆ ಮನೆಯಲ್ಲಿ ಇನ್ನೊಂದು ಸುತ್ತು ನಡೆಯಿತು. ಮುಂದಿನ ಕೋಣೆಯೇ ಟೈಲರ್ ಅಂಗಡಿ. ಯಂತ್ರ, ಇಸ್ತ್ರಿ ಮೇಜು, ಗೋಡೆಯ ಮೊಳೆಗಳಲ್ಲಿ ಅರ್ಧ ಹೊಲಿದ ಬಟ್ಟೆಗಳು. ಟೈಲರ್ ಪೆಡಲ್ ಮೇಲಿಂದ ಕಾಲು ತೆಗೆಯದೆ ಎಲ್ಲ ಕೇಳಿಸಿಕೊಂಡರು.

"ನೀನು ಯಾಕೆ ಬಾಯಿ ಹಾಕೋಕೆ ಹೋದೆ?"

"ಥ್ಯಾಂಕ್ಸ್ ಹೇಳೋಕೆ ಹೋದೆ."

"ಹೇಳ್ಬೇಡ. ಯಾರಿಗೂ ಏನೂ ಹೇಳ್ಬೇಡ. ಸತ್ತವನಿಗೆ ಕಿಡ್ನಿ ಇಟ್ಕೊಂಡು ಏನಾಗ್ಬೇಕು? ಹೇಗೂ ಮಣ್ಣಿಗೆ ಹೋಗೋದು. ನೀನು ಹೀಗೆ ಒಬ್ಬೊಬ್ಬರ ಕಿವಿಯಲ್ಲಿ ಊದ್ತಾ ಹೋದ್ರೆ, ನಾಳೆ ಊರಿಗೆ ಊರೇ ಹೋಗಿ ಬೇಡ ಅಂತ ಬರೆಸಿಬಿಡುತ್ತೆ. ನಾನು ಬದುಕೋದು ನಿನಗೆ ಬೇಕೋ ಬೇಡ್ವೋ?"

ಮದುವೆಯಾಗಿ ಇಷ್ಟು ಕಾಲದಲ್ಲಿ ಗಂಡ ಇಂಥ ಮಾತಾಡಿದ್ದು ಅದೇ ಮೊದಲು. ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಮಗಳದು ಹೊಂದುತ್ತೆ ಅಂದಾಗ ಅವಳನ್ನ ಕೇಳ್ಬೇಡ ಅಂದವರು ನೀವೇ ಅಲ್ವಾ?"

"ಅವಳನ್ನ ಕೇಳಿದ್ರೆ ಇಲ್ಲ ಅನ್ನೋಕೆ ಅವಳಿಗೆ ಬಾಯಿ ಬರುತ್ತೇನೆ? ಅಪ್ಪ ಅಂತ ಹ್ಞೂಂ ಅಂದುಬಿಡ್ತಾಳೆ. ಅದಕ್ಕೇ ಬೇಡ ಅಂದೆ."

"ಮತ್ತೆ ಸತ್ತವರಿಗೆ ಬಾಯಿ ಬರುತ್ತಾ?"

ಪೆಡಲ್ ನಿಂತಿತು.

ಅಲ್ಲಿಂದ ಕೆಲವು ದಿನ ಅಕ್ಕ ಬೆಂಚಿನ ಮೇಲಿದ್ದವರನ್ನು ಏನೂ ಕೇಳಲಿಲ್ಲ. ಹೇಳಿದಷ್ಟು ಮಾಡಿದರು. ಬೈತಲೆಯನ್ನು ಊಹಿಸಿ ತೆಗೆದರು. ಒಬ್ಬ ಹೆಂಗಸು ತಂಗಿಯ ಮುಖ ನೋಡಿ ಒಂದು ಕ್ಷಣ ತಡೆದು ನಿಂತದ್ದನ್ನು ಅಕ್ಕ ಕಂಡರು. ಆ ತಡೆ ಏನೆಂದು ಅವರಿಗೆ ಗೊತ್ತಿತ್ತು. ಒಳಗೆ ಹೋಗಿ ಬಕೆಟ್ಟಿನ ಪಕ್ಕ ಕೂತು ಅತ್ತರು. "ಅವತ್ತು ಕೆಲಸ ಬಿಡೋಣ ಅನ್ನಿಸ್ತು. ಬಿಟ್ಟು ಏನು ಮಾಡ್ಲಿ? ನನಗೆ ಬರೋದು ಇದೊಂದೇ."

ಒಂದು ಮುಂಜಾನೆ, ಅಕ್ಕ ಇನ್ನೂ ನೀರು ಕಾಯಿಸುತ್ತಿರುವಾಗ, ಅಂಗಾಂಗ ಜೋಡಣೆ ವಿಭಾಗದ ಡಾಕ್ಟರಮ್ಮ ಬಾಗಿಲಲ್ಲಿ ಬಂದು ನಿಂತರು. ಥಿಯೇಟರಿನಿಂದ ದೇಹಗಳನ್ನು ಕಳಿಸುವವರು ಅವರೇ. ಅವು ಎಲ್ಲಿಗೆ ಬರುತ್ತವೆ ಎಂದು ನೋಡಿರಲಿಲ್ಲ.

"ನಾನು ಇಲ್ಲಿಗೆ ಬಂದೇ ಇರ್ಲಿಲ್ಲ ಅಕ್ಕ."

"ಬರೋ ಜಾಗ ಅಲ್ಲ ಬಿಡಿ ಡಾಕ್ಟ್ರಮ್ಮ. ಕೂತ್ಕೊಳ್ಳಿ, ಸ್ಟೂಲ್ ಒದ್ದೆ ಇದೆ, ನೋಡ್ಕೊಂಡು."

ಡಾಕ್ಟರಮ್ಮ ಒದ್ದೆ ಸ್ಟೂಲಿನ ಮೇಲೆಯೇ ಕೂತರು. ಪೇಂಟರನ ಹೆಂಡತಿ ಅವರ ಹತ್ತಿರ ಬಂದಿದ್ದಳಂತೆ. ಜಗಳಕ್ಕೆ ಬಂದಿರುತ್ತಾಳೆ ಎಂದು ಅವರು ಎಲ್ಲ ಉತ್ತರ ಸಿದ್ಧ ಮಾಡಿಕೊಂಡಿದ್ದರು. ಕಾನೂನು ಏನು ಹೇಳುತ್ತದೆ, ಅವಳ ಗಂಡನಿಂದ ಎಷ್ಟು ಜನ ಬದುಕಿದರು, ಎಲ್ಲ. ಅವಳು ಜಗಳವಾಡಲಿಲ್ಲ. "ಕೇಳಿದ್ರೆ ಕೊಡ್ತಿದ್ದೆ. ಅವನೂ ಅಂಥವನೇ, ಮೈಮೇಲಿನ ಅಂಗಿ ಬಿಚ್ಚಿ ಕೊಟ್ಟು ಬರ್ತಿದ್ದ. ಈಗ ನಾವು ಕೊಟ್ವಿ ಅಂತ ಹೇಳ್ಕೊಳ್ಳೋ ಹಾಗೂ ಇಲ್ಲ. ನೀವು ತಗೊಂಡ್ರಿ," ಎಂದು ಹೇಳಿ ಎದ್ದು ಹೋದಳು. ಡಾಕ್ಟರಮ್ಮ ಸಿದ್ಧಮಾಡಿಕೊಂಡಿದ್ದ ಉತ್ತರಗಳೆಲ್ಲ ಹಾಗೇ ಉಳಿದವು.

ಆದರೂ ಅವರು ಅಕ್ಕನ ಮಾತಿಗೆ ಸುಮ್ಮನೆ ತಲೆಯಾಡಿಸಲು ಬಂದವರಲ್ಲ. "ಗಂಡ ಹೋದ ಅಂತ ಹೇಳಿದ ಬಾಯಲ್ಲೇ, ಅವನ ಕಿಡ್ನಿ ಕೊಡ್ತೀರಾ ಅಂತ ಕೇಳೋದು ಏನು ಅಂತ ನಿಮಗೆ ಗೊತ್ತಾ? ನಾನು ಕೇಳಿದೀನಿ. ಒಬ್ಬಳು ತಾಯಿ ನನ್ನ ಕೈ ಕಚ್ಚಿದ್ದಾಳೆ. ಕೆಲವರು ಆ ಹೊತ್ತಿನ ಸಂಕಟದಲ್ಲಿ ಬೇಡ ಅಂದುಬಿಟ್ಟು, ಆಮೇಲೆ ವರ್ಷಗಟ್ಟಲೆ ಕೊರಗ್ತಾರೆ. ಆ ಭಾರ ಅವರ ಮೇಲೆ ಬೇಡ ಅಂತಾನೇ ಈ ಕಾನೂನು ಬಂದಿದ್ದು."

"ಭಾರ ಅಂತ ನಾನು ಬೈತಲೆ ಕೇಳದೇ ಇದ್ರೆ ತಪ್ಪು ಬಾಚಿ ಕಳಿಸ್ತೀನಿ ಡಾಕ್ಟ್ರಮ್ಮ."

"ಬೈತಲೆ ತಪ್ಪಿದ್ರೆ ಯಾರೂ ಸಾಯಲ್ಲ ಅಕ್ಕ. ನಾನು ಕೇಳಿ, ಅವರು ಬೇಡ ಅಂದ್ರೆ, ಮೇಲಿನ ಮಹಡಿಯಲ್ಲಿ ಒಬ್ರು ಸಾಯ್ತಾರೆ. ಅದು ನಿಮ್ಮ ಮನೆಯವರೇ ಆಗ್ಬಹುದು."

ಅಕ್ಕನ ಕೈಯಿಂದ ಬಾಚಣಿಗೆ ಜಾರಿ ಬಕೆಟ್ಟಿಗೆ ಬಿತ್ತು. ಡಾಕ್ಟರಮ್ಮ ನೀರಿಗೆ ಕೈಹಾಕಿ ಬಾಚಣಿಗೆ ತೆಗೆದುಕೊಟ್ಟರು. ನೀರು ಉಗುರುಬೆಚ್ಚಗಿರುವುದು ಗೊತ್ತಾಗಿ ಕೈಯನ್ನು ಸ್ವಲ್ಪ ಹೊತ್ತು ಅದರಲ್ಲೇ ಇಟ್ಟುಕೊಂಡರು.

"ಇವರಿಗೆ ಯಾಕೆ ಬಿಸಿನೀರು?" ಎಂದು ಕೇಳಿದರು.

ಅಕ್ಕ ನನ್ನ ಕೈಗೆ ಹಿತ ಎನ್ನಲಿಲ್ಲ. "ಗೊತ್ತಿಲ್ಲ ಡಾಕ್ಟ್ರಮ್ಮ. ತಣ್ಣೀರು ಹಾಕೋಕೆ ಮನಸ್ಸು ಬರಲ್ಲ," ಎಂದರು.

ಅದಾದ ಮೇಲೆ ಡಾಕ್ಟರಮ್ಮ ತಮ್ಮ ವಿಭಾಗದಲ್ಲಿ ಒಂದು ಕ್ರಮ ತಂದರು. ಮನೆಯವರನ್ನು ಕೇಳಬೇಕೆಂದು ಕಾನೂನು ಹೇಳುವುದಿಲ್ಲ. ಕೇಳಬಾರದೆಂದೂ ಹೇಳುವುದಿಲ್ಲ. ಥಿಯೇಟರಿಗೆ ಒಯ್ಯುವ ಮೊದಲು ಅವರೇ ಬಂದು ಮನೆಯವರ ಪಕ್ಕ ಕೂರುತ್ತಾರೆ. ಏನಾಗಿದೆ, ಏನು ತೆಗೆಯುತ್ತೇವೆ, ಅದರಿಂದ ಯಾರಿಗೆ ಏನಾಗುತ್ತದೆ ಎಂದು ಬಿಡಿಸಿ ಹೇಳುತ್ತಾರೆ. ಹೋದವರಿಗೆ ಇದು ಬೇಡವಾಗಿತ್ತು ಎಂದು ಮನೆಯವರು ಹೇಳಿದರೆ ಅಲ್ಲಿಗೇ ಬಿಡುತ್ತಾರೆ. ಇದಕ್ಕಾಗಿ ಅವರು ಮೇಲಿನವರಿಂದ ಮಾತು ಕೇಳಿದ್ದಾರೆ, ಇನ್ನೂ ಕೇಳುತ್ತಿದ್ದಾರೆ. ಅಕ್ಕನಿಗೂ ಬೈತಲೆ ಕೇಳಲು ಅಪ್ಪಣೆ ಮರಳಿ ಸಿಕ್ಕಿದೆ.

ಈ ಕ್ರಮದಂತೆ ಮೊದಲು ಕೇಳಿದ್ದು ಒಬ್ಬ ವಾಚ್ ರಿಪೇರಿಯವರನ್ನು. ಅವರ ಮಗಳಿಗೆ ರಸ್ತೆ ದಾಟುವಾಗ ಪೆಟ್ಟು ಬಿದ್ದು ಮೆದುಳು ಸತ್ತಿತ್ತು. ಅವರು ಬೇಡ ಎಂದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಗಾಲಿ ಅಣ್ಣ ಆ ಹುಡುಗಿಯನ್ನು ತಂದರು. ಅಕ್ಕ ಮೈ ತೊಳೆದರು. ಎದೆಯ ಮೇಲೆ ಗೆರೆಯಿಲ್ಲ, ಹೊಲಿಗೆಯಿಲ್ಲ. ಮುಂಗೈಗೆ ಕಟ್ಟಿದ ಆಸ್ಪತ್ರೆಯ ಪಟ್ಟಿಯನ್ನು ಕತ್ತರಿಸುವಾಗ ಅದರ ಮೇಲಿನ ಅಕ್ಷರ ಕಣ್ಣಿಗೆ ಬಿತ್ತು. ಅವಳ ರಕ್ತದ ಗುಂಪು ಟೈಲರ್ ಗುಂಪೇ. ಗುಂಪು ಒಂದೇ ಆದ ಮಾತ್ರಕ್ಕೆ ಕಿಡ್ನಿ ಹೊಂದಬೇಕೆಂದಿಲ್ಲ, ಸರದಿಯಲ್ಲಿ ಮುಂದೆ ಬೇರೆಯವರೂ ಇದ್ದಾರೆ. ಇದೆಲ್ಲ ಅಕ್ಕನಿಗೆ ಗೊತ್ತು. ಆದರೂ ಕತ್ತರಿ ಹಿಡಿದ ಕೈ ಅಲ್ಲೇ ನಿಂತಿತು. ಈ ಮೈಯೊಳಗೆ ಎರಡು ಕಿಡ್ನಿಗಳಿವೆ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟು ಹೊತ್ತಿಗೆ ಅವು ಇಬ್ಬರ ಮೈಯಲ್ಲಿ ಕೆಲಸ ಮಾಡುತ್ತಿದ್ದವು. ಆ ಇಬ್ಬರಲ್ಲಿ ಒಬ್ಬರು ತನ್ನ ಗಂಡನೇ ಆಗಿರಬಹುದಿತ್ತು.

ಗಾಲಿ ಅಣ್ಣ ಪಟ್ಟಿ ನೋಡಿದರು, ಅಕ್ಕನ ಮುಖ ನೋಡಿದರು. "ಕೊಡಕ್ಕ, ನಾನು ಬಿಸಾಕಿ ಬರ್ತೀನಿ," ಎಂದಷ್ಟೇ ಅಂದರು.

ಅಕ್ಕ ಕೈ ಒರೆಸಿಕೊಂಡು ಹೊರಗೆ ಬಂದು ತಂದೆಯ ಮುಂದೆ ಕೂತರು. ಅವತ್ತು ಕುಕ್ಕರುಗಾಲಿನಲ್ಲಲ್ಲ, ನೆಲದ ಮೇಲೆಯೇ.

"ಬೈತಲೆ ಯಾವ ಕಡೆ ಅಣ್ಣ?"

"ನಡುವೆ. ಎರಡು ಜಡೆ ಹಾಕೋಳು. ಕಾಲೇಜಿಗೆ ಹೋಗೋಳು ಇನ್ನೂ ಎರಡು ಜಡೆ ಏನೇ ಅಂತ ನಾನೇ ಅಣಕಿಸ್ತಿದ್ದೆ." ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. ಸಣ್ಣ ಸಣ್ಣ ಚಕ್ರಗಳನ್ನು ಹಿಡಿದು ಅಭ್ಯಾಸವಾದ ಬೆರಳುಗಳು. "ಕೇಳಿದ್ರಮ್ಮ ಅವರು. ಎಲ್ಲ ಬಿಡಿಸಿ ಹೇಳಿದ್ರು. ಇವಳಿಗೆ ಸೂಜಿ ಕಂಡ್ರೆ ಚಿಕ್ಕಂದಿನಿಂದ ಭಯ. ಕೈ ತೂತು ಆಗೋದೇ ಬೇಡ ಅಪ್ಪ ಅಂತಿದ್ಲು. ಅದೇ ನೆನಪಾಯ್ತು. ಬೇಡ ಅಂದೆ. ಯಾರೋ ನಾಲ್ಕು ಜನ ಬದುಕ್ತಿದ್ರು ಅಂತ ಈಗ ಒಂದೇ ಸಮ ಅನ್ನಿಸ್ತಿದೆ. ತಪ್ಪು ಮಾಡಿದ್ನಾ?"

ಆ ನಾಲ್ಕು ಜನರಲ್ಲಿ ಒಬ್ಬರ ಹೆಂಡತಿ ತನ್ನ ಮುಂದೆ ಕೂತಿರಬಹುದು ಎಂದು ಅವರಿಗೆ ಗೊತ್ತಿಲ್ಲ. ಹೌದು ಎಂದುಬಿಡಲು ಅಕ್ಕನಿಗೆ ನಾಲಿಗೆ ತುದಿಯವರೆಗೂ ಬಂತಂತೆ. ಅದನ್ನು ಅವರು ಮುಚ್ಚಿಡುವುದಿಲ್ಲ. "ಕಪಾಳಕ್ಕೆ ಹೊಡೀಬೇಕು ಅನ್ನಿಸ್ತು. ಕಾಲು ಹಿಡ್ಕೋಬೇಕು ಅಂತಲೂ ಅನ್ನಿಸ್ತು. ಈಗಲಾದ್ರೂ ಹ್ಞೂಂ ಅನ್ನಿ ಅಂತ. ಆ ಹೊತ್ತಿಗೆ ಹ್ಞೂಂ ಅಂದ್ರೂ ಆಗ್ತಿರ್ಲಿಲ್ಲ, ಕಾಲ ಮೀರಿತ್ತು."

ಅವರು ತಂದೆಗೆ ಹೇಳಿದ್ದು ಇಷ್ಟೇ. "ಅವಳನ್ನ ಬಲ್ಲವರು ನೀವು. ಕೇಳಿದ್ರು, ನೀವು ಹೇಳಿದ್ರಿ. ನಾನು ಎರಡು ಜಡೆ ಹಾಕಿ ಕರೀತೀನಿ, ಬನ್ನಿ."

ಎರಡು ಜಡೆ ಹಾಕಲು ಬಹಳ ಹೊತ್ತು ಹಿಡಿಯಿತು. ಬೈತಲೆ ಮತ್ತೆ ಮತ್ತೆ ಸೊಟ್ಟಗಾಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ, ನೀರು ಹಚ್ಚಿ, ಹಣೆಯಿಂದ ಹೊಸದಾಗಿ ತೆಗೆದರು.

ಸಂಜೆ ಮನೆಗೆ ಹೋಗಿ ಗಂಡನಿಗೆ ಎಲ್ಲವನ್ನೂ ಹೇಳಿದರು. ಹೇಳದೆ ಇರಬಹುದಿತ್ತು, ಯಾರೂ ಕೇಳಿರಲಿಲ್ಲ. ಮುಂಗೈ ಪಟ್ಟಿಯ ವಿಷಯವನ್ನೂ ಬಿಡಲಿಲ್ಲ. ಟೈಲರ್ ಅವತ್ತು ಡಯಾಲಿಸಿಸ್ ಮುಗಿಸಿ ಬಂದು, ಸೋತು, ಇಸ್ತ್ರಿ ಮೇಜಿಗೆ ಒರಗಿ ಕೂತಿದ್ದರು. ಬೈಯುತ್ತಾರೆ ಎಂದು ಅಕ್ಕ ಕಾದರು. ಅವರು ಬೈಯಲಿಲ್ಲ. ಮೇಜಿನ ಮೇಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ಎಷ್ಟು ವಯಸ್ಸು?"

"ನಮ್ಮ ಮಗಳಿಗಿಂತ ಚಿಕ್ಕೋಳು."

ಟೈಲರ್ ಟೇಪನ್ನು ಮೇಜಿನ ಮೇಲಿಟ್ಟರು. ಆಮೇಲೆ ಕೇಳಿದರು.

"ತಲೆ ನೆಟ್ಟಗೆ ಬಾಚಿದ್ಯಾ?"

"ಬಾಚಿದೆ. ಎರಡು ಜಡೆ."

"ಹ್ಞೂಂ," ಎಂದು ಟೈಲರ್ ಎದ್ದು, ಯಂತ್ರದ ಮುಂದೆ ಕೂತು, ಸೂಜಿಗೆ ದಾರ ಪೋಣಿಸಲು ನೋಡಿದರು. ಕಣ್ಣು ಮಂಜಾಗಿ ದಾರ ಹೋಗಲಿಲ್ಲ. ಅಕ್ಕ ಪೋಣಿಸಿಕೊಟ್ಟರು.

ಟೈಲರ್ ಇನ್ನೂ ಕಾಯುತ್ತಿದ್ದಾರೆ. ಕೇಳಿದಾಗ ಹ್ಞೂಂ ಎಂದವರೂ ಇದ್ದಾರೆ, ಬೇಡ ಎಂದವರೂ ಇದ್ದಾರೆ. ಹ್ಞೂಂ ಎಂದವರ ಮನೆಯವರಿಗೆ ಅಕ್ಕ ಮತ್ತೆ ಕೈ ಹಿಡಿದು ಥ್ಯಾಂಕ್ಸ್ ಹೇಳುತ್ತಾರೆ. ಆದರೆ ಈಗ ಮೊದಲು ಕೇಳುತ್ತಾರೆ, "ನಿಮಗೆ ಹೇಳಿದ್ರಲ್ವಾ?" ಎಂದು. ಅವರು ತಲೆಯಾಡಿಸುವ ತನಕ ಕೈ ಹಿಡಿಯುವುದಿಲ್ಲ.

ಏನು ಆಸೆ ಎಂದು ಕೇಳಿದರೆ ಅಕ್ಕ ನಾಚುತ್ತಾರೆ. "ನಮ್ಮ ಮನೆಯವರಿಗೆ ಒಂದು ಸಿಗಲಿ. ಅವರು ಆ ಬಸ್ ಡ್ರೈವರ್ ಥರ ಬಚ್ಚಲಿಗೆ ಹೋಗಿ ಮೀಸೆ ತಿರುವ್ಕೊಂಡು ಬರೋದನ್ನ ನಾನು ನೋಡ್ಬೇಕು. ಕೊಟ್ಟವರು ಯಾರು ಅಂತ ಗೊತ್ತಾಗೋದು ಬೇಡ. ಕೊಟ್ಟರು ಅನ್ನೋದು ಗೊತ್ತಿದ್ರೆ ಸಾಕು."

ಹೊರಗೆ ಬೆಂಚಿನ ಮೇಲೆ ಯಾರೋ ಬಂದು ಕೂತ ಸದ್ದಾಗುತ್ತದೆ. ಅಕ್ಕ ಏಳುತ್ತಾರೆ. ನಿಮ್ಮ ಅಂಗಾಂಗ ತೆಗೆಯೋದು ಬೇಡ ಅಂತ ಬರೆಸಿದ್ದೀರಾ ಎಂಬ ಪ್ರಶ್ನೆಗೆ ಬಾಗಿಲಲ್ಲಿ ನಿಂತು, ಬಾಚಣಿಗೆಯ ನೀರು ಒದರುತ್ತ ಉತ್ತರ ಕೊಡುತ್ತಾರೆ.

"ಇಲ್ಲಪ್ಪ. ನಂದೇನು ಉಳಿದಿರುತ್ತೋ ಎಲ್ಲ ತಗೊಳ್ಳಲಿ. ಮಗಳಿಗೆ ಹೇಳಿಟ್ಟಿದೀನಿ. ಬೈತಲೆ ಎಡಕ್ಕೆ ಅಂತಲೂ ಹೇಳಿದೀನಿ. ಆದ್ರೂ ಅವಳನ್ನ ಒಂದು ಮಾತು ಕೇಳ್ಲಿ. ಎರಡನ್ನೂ."